ಕಳ್ಳಭಟ್ಟಿಯ ವಿಷ ತಯಾರಾಗುವುದು ನಮ್ಮ ಲಿವರಿನಲ್ಲೇ



2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ನಮ್ಮ ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ. ಎರಡೂ ಕಡೆ ಕಾರಣ ಮೆಥನಾಲ್. ಬಣ್ಣ, ವಾರ್ನಿಷ್ ಮುಂತಾದವುಗಳಿಗೆ ಬಳಸುವ ಈ ದ್ರವ ನೋಡಲು, ಮೂಸಲು ಸಾರಾಯಿಯಂತೆಯೇ ಇರುತ್ತದೆ.

ಆದರೆ ಮೆಥನಾಲ್ ಹೊಟ್ಟೆಗೆ ಹೋದ ಕೂಡಲೇ ಕೊಲ್ಲುವುದಿಲ್ಲ. ಅದನ್ನು ವಿಷವಾಗಿಸುವುದು ನಮ್ಮ ಲಿವರಿನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ.

ಈ ಕಿಣ್ವದ ಕೆಲಸ ಆಲ್ಕೋಹಾಲಿನಿಂದ ಹೈಡ್ರೋಜನ್ ಕಿತ್ತು ಎನ್‌ಎಡಿ ಎಂಬ ಸಹಾಯಕ ಅಣುವಿಗೆ ಕೊಡುವುದು. ಹೈಡ್ರೋಜನ್ ಕಳೆದುಕೊಂಡದ್ದು ಉತ್ಕರ್ಷಣವಾಯಿತು, ಪಡೆದದ್ದು ಅಪಕರ್ಷಣವಾಯಿತು. ಎರಡೂ ಒಟ್ಟಿಗೆ ನಡೆಯುವುದರಿಂದ ಇಂಥ ಕಿಣ್ವಗಳ ವರ್ಗಕ್ಕೆ ಆಕ್ಸಿಡೋರಿಡಕ್ಟೇಸ್ ಎಂದು ಹೆಸರು.

ಮಾಮೂಲಿ ಮದ್ಯದಲ್ಲಿರುವ ಎಥನಾಲ್ ಹೀಗೆ ಅಸಿಟಾಲ್ಡಿಹೈಡ್ ಆಗಿ, ಮತ್ತೊಂದು ಕಿಣ್ವದಿಂದ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವಾಗುತ್ತದೆ. ಅದನ್ನು ದೇಹ ಅರಗಿಸಿಕೊಳ್ಳುತ್ತದೆ. ಮೆಥನಾಲ್ ಮಾತ್ರ ಫಾರ್ಮಾಲ್ಡಿಹೈಡ್ ಆಗಿ, ಕೊನೆಗೆ ಫಾರ್ಮಿಕ್ ಆಮ್ಲವಾಗುತ್ತದೆ. ಚಗಳಿ ಇರುವೆ ಚಿಮ್ಮಿಸುವುದೂ ಇದೇ ಆಮ್ಲ. ಇದನ್ನು ಹೊರಹಾಕಲು ನಮ್ಮ ದೇಹಕ್ಕೆ ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅದು ರಕ್ತವನ್ನು ಆಮ್ಲೀಯಗೊಳಿಸಿ, ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ಕಣ್ಣಿನ ನರಕ್ಕೆ ಮೊದಲ ಪೆಟ್ಟು. ಬದುಕಿ ಉಳಿದವರಲ್ಲೂ ಕೆಲವರು ಕಣ್ಣು ಕಳೆದುಕೊಳ್ಳುವುದು ಇದಕ್ಕೇ.

ಆಮ್ಲ ಕೂಡಿಬರಲು ಸಾಮಾನ್ಯವಾಗಿ 12ರಿಂದ 24 ಗಂಟೆ ಹಿಡಿಯುತ್ತದೆ. ಜೊತೆಗೆ ಎಥನಾಲೂ ಕುಡಿದಿದ್ದರೆ ಇನ್ನೂ ತಡ. ಆದ್ದರಿಂದ "ರಾತ್ರಿ ಕುಡಿದ, ಬೆಳಿಗ್ಗೆ ಚೆನ್ನಾಗಿಯೇ ಇದ್ದ" ಎಂಬ ಮಾತಿಗೆ ಬೆಲೆಯಿಲ್ಲ. ತಲೆನೋವು, ವಾಂತಿ, ಹೊಟ್ಟೆನೋವು, ಜೋರು ಉಸಿರು, ಕಣ್ಣಿಗೆ ಮಂಜು ಕವಿದಂತಾಗುವುದು ಕಂಡರೆ ಅದು ಹ್ಯಾಂಗೋವರ್ ಎಂದು ಮಲಗಿಸಬೇಡಿ.

ಚಿಕಿತ್ಸೆಯ ಗುಟ್ಟೂ ಅದೇ ಕಿಣ್ವದಲ್ಲಿದೆ. ಫೋಮೆಪಿಜೋಲ್ ಎಂಬ ಔಷಧಿ ಅದನ್ನು ತಡೆಹಿಡಿಯುತ್ತದೆ. ಅದು ಸಿಗದಿದ್ದರೆ ವೈದ್ಯರು ಅಳತೆಯಲ್ಲಿ ಎಥನಾಲನ್ನೇ ಕೊಡುತ್ತಾರೆ. ಕಿಣ್ವ ಎಥನಾಲನ್ನೇ ಹೆಚ್ಚು ಸುಲಭವಾಗಿ ಹಿಡಿಯುವುದರಿಂದ ಮೆಥನಾಲ್ ಬದಲಾಗದೆ ಉಳಿಯುತ್ತದೆ. ಡಯಾಲಿಸಿಸ್ ಅದನ್ನು ತೆಗೆದುಹಾಕುತ್ತದೆ. ರಕ್ತಪರೀಕ್ಷೆ ಮಾಡುತ್ತಾ ಆಸ್ಪತ್ರೆಯಲ್ಲಿ ಮಾಡುವ ಕೆಲಸವಿದು, ಮನೆಯಲ್ಲಿ ಬಾಟಲಿ ತಂದು ಕುಡಿಸುವುದಲ್ಲ.

ಒಬ್ಬರು ಅಸ್ವಸ್ಥರಾದರೆ ಜೊತೆಯಲ್ಲಿ ಕುಡಿದವರೆಲ್ಲರನ್ನೂ, ಆರಾಮಾಗಿದ್ದರೂ, ಆಸ್ಪತ್ರೆಗೆ ಕರೆದೊಯ್ಯಿರಿ. ಏನು ಕುಡಿದರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಕರ್ನಾಟಕದಲ್ಲಿದ್ದರೂ ತಮಿಳುನಾಡಿನಲ್ಲಿದ್ದರೂ ಆಂಬುಲೆನ್ಸ್ ಸಂಖ್ಯೆ ಒಂದೇ: 108.