ಬಾಟಲಿಯ ಮುಚ್ಚಳ ತೆರೆಯದ ಕೈ, 3.13 ಸೆಕೆಂಡಿನ ದಾಖಲೆ

ಚಹಾಕ್ಕೆ ಹಾಕಿದ ಸಕ್ಕರೆ ಕರಗುವುದಕ್ಕೂ ಮೂರು ಸೆಕೆಂಡು ಸಾಲದು. ಅಷ್ಟು ಹೊತ್ತಿನಲ್ಲಿ ರೂಬಿಕ್ಸ್ ಕ್ಯೂಬಿನ ಆರೂ ಮುಖಗಳ ಬಣ್ಣ ಸರಿ ಮಾಡಿ ಕೆಳಗಿಡುವವರು ಇದ್ದಾರೆ ಅಂದರೆ ನಂಬಲಿಕ್ಕೆ ಕಷ್ಟ.

ಹಂಗೇರಿಯ ಬುಡಾಪೆಸ್ಟಿನಲ್ಲಿ ಪಾಠ ಮಾಡುತ್ತಿದ್ದ ಎರ್ನೋ ರೂಬಿಕ್ ಈ ಕ್ಯೂಬನ್ನು ತಯಾರಿಸಿದ್ದು 1974ರಲ್ಲಿ. 1982ರಲ್ಲಿ ಅದೇ ಊರಿನಲ್ಲಿ ನಡೆದ ವಿಶ್ವ ಸ್ಪರ್ಧೆಯನ್ನು ಅಮೆರಿಕದ ಮಿನ್ ಥಾಯ್ 22.95 ಸೆಕೆಂಡಿನಲ್ಲಿ ಗೆದ್ದರು. 2018ರಲ್ಲಿ ಚೀನಾದ ಯೂಶೆಂಗ್ ಡು 3.47 ಸೆಕೆಂಡಿಗೆ ಇಳಿಸಿದರು. 2023ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್ಸ್ ಪಾರ್ಕ್ 3.13ಕ್ಕೆ ತಂದರು.

ಸ್ಪರ್ಧೆಯ ಕ್ರಮ ಹೀಗೆ: ಎಲ್ಲರಿಗೂ ಒಂದೇ ರೀತಿ ಕಲಸಿದ ಕ್ಯೂಬು ಸಿಗುತ್ತದೆ. ನೋಡಿಕೊಳ್ಳಲು 15 ಸೆಕೆಂಡು. ಆಮೇಲೆ ಎರಡೂ ಕೈ ಟೈಮರ್ ಮೇಲಿಟ್ಟು ಶುರು. ಒಟ್ಟು ಐದು ಸಲ ಬಿಡಿಸಬೇಕು. ಅತಿ ವೇಗದ್ದು, ಅತಿ ನಿಧಾನದ್ದು ಎರಡನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಒಂದೇ ಸಲದ ದಾಖಲೆಯಲ್ಲಿ ನಸೀಬೂ ಸ್ವಲ್ಪ ಉಂಟು. ಕೈ ಎಷ್ಟು ಪಳಗಿದೆ ಎಂದು ಗೊತ್ತಾಗುವುದು ಸರಾಸರಿಯಲ್ಲೇ.

ಆದರೆ ನಮಗೆ ಮುಖ್ಯವಾಗಿ ಕಂಡದ್ದು ಮ್ಯಾಕ್ಸ್‌ನ ಬಾಲ್ಯ. ಎರಡು ವರ್ಷದ ಮಗುವಾಗಿದ್ದಾಗ ವೈದ್ಯರು ಆಟಿಸಂ ಎಂದರು. ಜೀವನಪೂರ್ತಿ ಇನ್ನೊಬ್ಬರ ಆಸರೆ ಬೇಕಾದೀತು ಎಂಬ ಮಾತೂ ಬಂತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಿಕ್ಕೂ ಆ ಬೆರಳುಗಳಿಗೆ ಆಗುತ್ತಿರಲಿಲ್ಲ. ಬೆರಳಿಗೆ ವ್ಯಾಯಾಮವಾಗಲಿ ಎಂದು ತಾಯಿ ಕ್ಯೂಬು ಕೊಟ್ಟರು. ಹುಡುಗನಿಗೆ ಅದರಲ್ಲಿ ಆಸಕ್ತಿ ಹುಟ್ಟಿತು. 2012ರಲ್ಲಿ ಮೊದಲ ಸ್ಪರ್ಧೆಗೆ ಹೋದ. ಹೆತ್ತವರಿಗೆ ಬೇಕಿದ್ದದ್ದು ಪದಕವಲ್ಲ. ಸಾಲಿನಲ್ಲಿ ಕಾಯುವುದು, ನಾಲ್ಕು ಜನರ ಜೊತೆ ಬೆರೆಯುವುದು ಮಗನಿಗೆ ಬಂದರೆ ಸಾಕು ಅಂತಿತ್ತು.

ಆಗ ಈ ಆಟದ ದೊಡ್ಡ ಹೆಸರು ಆಸ್ಟ್ರೇಲಿಯಾದ ಫೆಲಿಕ್ಸ್ ಝೆಮ್ಡೆಗ್ಸ್. 2013 ಮತ್ತು 2015ರ ವಿಶ್ವ ಚಾಂಪಿಯನ್. ಮ್ಯಾಕ್ಸ್‌ಗೆ ಅವರೇ ಹೀರೋ. 2017ರಲ್ಲಿ ಮ್ಯಾಕ್ಸ್ ಅದೇ ಫೆಲಿಕ್ಸ್‌ನ ಸರಾಸರಿ ದಾಖಲೆ ಮುರಿದ. ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟವನ್ನೂ ಗೆದ್ದ. ಆದರೂ ಇಬ್ಬರ ಸ್ನೇಹ ಕೆಡಲಿಲ್ಲ. ಆ ಸ್ನೇಹದ ಕುರಿತೇ 2020ರಲ್ಲಿ 'ದಿ ಸ್ಪೀಡ್ ಕ್ಯೂಬರ್ಸ್' ಎಂಬ ಸಾಕ್ಷ್ಯಚಿತ್ರ ಬಂತು. ಮನೆಮಂದಿ ಒಟ್ಟಿಗೆ ಕೂತು ನೋಡುವಂಥದ್ದು.

3.13ರ ದಾಖಲೆಯೂ ಉಳಿಯಲಿಲ್ಲ. 2025ರಲ್ಲಿ ಚೀನಾದ ಪುಟ್ಟ ಬಾಲಕನೊಬ್ಬ 3.05 ಸೆಕೆಂಡಿನಲ್ಲಿ ಬಿಡಿಸಿದ. ದಾಖಲೆ ಇರುವುದೇ ಮುರಿಯಲಿಕ್ಕೆ. ಬಾಟಲಿ ತೆರೆಯಲಿಕ್ಕೆ ಕಲಿತ ಕೈ ಮಾತ್ರ ಮ್ಯಾಕ್ಸ್‌ನದ್ದಾಗಿಯೇ ಉಳಿಯಿತು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಕ್ಯೂಬು ಆಟಿಸಂಗೆ ಮದ್ದಲ್ಲ. ಇಂಥ ಮಕ್ಕಳಿಗೆಲ್ಲ ಕ್ಯೂಬು ಹಿಡಿಸುತ್ತದೆ ಅಂತಲೂ ಇಲ್ಲ. ಒಬ್ಬನಿಗೆ ಬಣ್ಣದ ಪೆನ್ಸಿಲು, ಇನ್ನೊಬ್ಬಳಿಗೆ ಹಿಟ್ಟು ನಾದುವುದು ಇಷ್ಟವಾಗಬಹುದು. ಮಗುವಿನ ಮನಸ್ಸು ಎಲ್ಲಿ ನಿಲ್ಲುತ್ತದೆ ಎಂದು ನೋಡುವ ತಾಳ್ಮೆ ನಮಗಿರಬೇಕು, ಅಷ್ಟೇ. ಮಾತು ತಡವಾದ, ಒಂಟಿಯಾಗಿ ಆಡುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ನೆಂಟರು ಬಂದಾಗ ಅವರನ್ನು ಒಳಕೋಣೆಗೆ ಕಳುಹಿಸುವ ರೂಢಿ ಇನ್ನೂ ಹೋಗಿಲ್ಲ. 'ದೊಡ್ಡವನಾದ ಮೇಲೆ ಸರಿಯಾಗ್ತಾನೆ' ಅಂತ ವರ್ಷಗಟ್ಟಲೆ ಕಾಯುವವರೂ ಇದ್ದಾರೆ. ಹಾಗೆ ಕಾಯದೆ ಬೇಗ ವೈದ್ಯರಿಗೆ ತೋರಿಸಿ. ಮತ್ತೆ ನೆಂಟರು ಬಂದ ದಿನ ಆ ಮಗುವನ್ನೂ ನಡುಮನೆಯಲ್ಲೇ ನಿಮ್ಮ ಹತ್ತಿರ ಕೂರಿಸಿಕೊಳ್ಳಿ.