ಲಂಡನ್ನಿನಲ್ಲಿ ಮೊದಲ ದಿನ

ಪರದೇಶಕ್ಕೆ ಹೋದವನು ಮೊದಲ ದಿನವೇ ಊರನ್ನೆಲ್ಲ ನೋಡಿ ಮುಗಿಸಬೇಕೆಂದು ಹವಣಿಸುವುದು ಸಹಜ. ಕೆಲವು ವರ್ಷಗಳ ಹಿಂದೆ ಲಂಡನ್ ನಗರದಲ್ಲಿ ಇಳಿದಾಗ ನನ್ನ ಕೈಯಲ್ಲಿಯೂ ಹನ್ನೆರಡು ಸ್ಥಳಗಳ ಪಟ್ಟಿಯಿತ್ತು. ಸಂಜೆಯ ವೇಳೆಗೆ ನಾನು ನೋಡಿದ್ದು ಎರಡೇ ವಸ್ತುಸಂಗ್ರಹಾಲಯಗಳನ್ನು; ಅವುಗಳಲ್ಲಿಯೂ ಮನಸ್ಸಿನಲ್ಲಿ ನೆಲೆಸಿದವು ಎರಡೇ ವಸ್ತುಗಳು.

ಬೆಳಗ್ಗೆ ಹೋದದ್ದು ಬ್ರಿಟಿಷ್ ಮ್ಯೂಸಿಯಂಗೆ. ಹ್ಯಾನ್ಸ್ ಸ್ಲೋನ್ ಎಂಬ ವೈದ್ಯನು ಜೀವಮಾನವೆಲ್ಲ ಕೂಡಿಹಾಕಿದ 70,000ಕ್ಕೂ ಮಿಕ್ಕ ವಸ್ತುಗಳನ್ನು ಆಧಾರವಾಗಿಟ್ಟುಕೊಂಡು 1753ರಲ್ಲಿ ಪಾರ್ಲಿಮೆಂಟು ಇದನ್ನು ಸ್ಥಾಪಿಸಿತು. 1759ರಲ್ಲಿ ಇದರ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಪ್ರವೇಶಕ್ಕೆ ಶುಲ್ಕವಿಲ್ಲ. ಬೃಹತ್ ಕಂಬಗಳ ಸಾಲನ್ನು ದಾಟಿದರೆ ಗಾಜಿನ ಮಾಡು ಹೊದಿಸಿದ ವಿಶಾಲವಾದ ಅಂಗಳ. ಅದರ ಎಡಬದಿಗೆ ಈಜಿಪ್ಟಿನ ಶಿಲ್ಪಗಳ ಶಾಲೆ. ಅಲ್ಲಿ ಜನರ ಗುಂಪು ಮುತ್ತಿಕೊಂಡಿದ್ದುದು ಮುರಿದ ಕರಿಗಲ್ಲೊಂದನ್ನು. ಅದೇ ರೊಸೆಟ್ಟಾ ಶಿಲೆ.

ಕ್ರಿಸ್ತಪೂರ್ವ 196ರ ರಾಜಶಾಸನವೊಂದನ್ನು ಈ ಕಲ್ಲಿನ ಮೇಲೆ ಮೂರು ಲಿಪಿಗಳಲ್ಲಿ ಕೊರೆಯಲಾಗಿದೆ: ಮೇಲೆ ಈಜಿಪ್ಟಿನ ಚಿತ್ರಲಿಪಿ, ನಡುವೆ ಅಲ್ಲಿನ ಜನಬಳಕೆಯ ಲಿಪಿ, ಕೆಳಗೆ ಗ್ರೀಕ್. ಚಿತ್ರಲಿಪಿಯನ್ನು ಓದಬಲ್ಲವರು ನೂರಾರು ವರ್ಷಗಳಿಂದ ಯಾರೂ ಇರಲಿಲ್ಲ, ಗ್ರೀಕನ್ನು ಬಲ್ಲವರಿದ್ದರು. ಚಿತ್ರಲಿಪಿಯಲ್ಲಿ ರಾಜರ ಹೆಸರುಗಳ ಸುತ್ತ ಅಂಡಾಕಾರದ ರೇಖೆಯಿರುತ್ತದೆ. ಅದರೊಳಗಿನ ಚಿಹ್ನೆಗಳನ್ನು ಗ್ರೀಕಿನ ಟಾಲೆಮಿ ಎಂಬ ಹೆಸರಿನೊಡನೆ ಹೋಲಿಸುವುದರಿಂದ ಅಕ್ಷರಗಳ ಧ್ವನಿ ಒಂದೊಂದಾಗಿ ತಿಳಿಯತೊಡಗಿತು. 1822ರಲ್ಲಿ ಫ್ರೆಂಚ್ ವಿದ್ವಾಂಸನಾದ ಶಾಂಪೋಲಿಯೋ ಈ ಲಿಪಿಯ ಗುಟ್ಟನ್ನು ಬಿಡಿಸಿದನು. ಮೂಕವಾಗಿದ್ದ ಒಂದು ನಾಗರಿಕತೆ ಮತ್ತೆ ಮಾತನಾಡಿತು.

ಮಧ್ಯಾಹ್ನ ಸುರಂಗದ ರೈಲಿನಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋದೆನು. ಅಲ್ಲಿದ್ದುದು ಟಿಪ್ಪು ಸುಲ್ತಾನನ ಮರದ ಹುಲಿ. ನೆಲಕ್ಕುರುಳಿದ ಯೂರೋಪಿಯನ್ ಸೈನಿಕನೊಬ್ಬನ ಕೊರಳಿಗೆ ಹುಲಿ ಬಾಯಿ ಹಾಕಿದೆ. ಅದರ ಹೊಟ್ಟೆಯೊಳಗೆ ತಿದಿಗಳೂ ಕೊಳವೆಗಳೂ ಇವೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ; ಸೈನಿಕನ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ. ಒಂದು ಕಾಲಕ್ಕೆ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯಲ್ಲಿ ಇದನ್ನು ಇಟ್ಟಿದ್ದಾಗ, ನೋಡಲು ಬಂದವರೆಲ್ಲ ಹಿಡಿ ತಿರುಗಿಸಿ, ಅಲ್ಲಿನ ಗ್ರಂಥಾಲಯದ ಓದುಗರ ನೆಮ್ಮದಿ ಕೆಡಿಸುತ್ತಿದ್ದರಂತೆ!

ಹುಲಿಯ ಮುಂದೆ ಶಾಲೆಯ ಮಕ್ಕಳು ನೆಲದ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದರು. ಒಬ್ಬ ಹುಡುಗಿ ನನ್ನನ್ನು ನೋಡಿ, "ಇದು ನಿಮ್ಮ ದೇಶದ್ದೇ?" ಎಂದು ಕೇಳಿದಳು. ಹೌದೆಂದೆನು. "ಹಾಗಾದರೆ ಇಲ್ಲಿಗೆ ಹೇಗೆ ಬಂತು?" ಎಂದಳು. ಯುದ್ಧದಲ್ಲಿ ಬಂದಿತು ಎಂದಷ್ಟೇ ಹೇಳಲು ನನ್ನಿಂದಾಯಿತು.

ಆ ಉತ್ತರದಿಂದ ನನಗೇ ತೃಪ್ತಿಯಾಗಲಿಲ್ಲ. ಯೋಚಿಸಿದಂತೆಲ್ಲ ಎರಡು ವಸ್ತುಗಳ ಕಥೆಯೂ ಒಂದಾಗಿ ಕಂಡಿತು. ಭಾರತದೊಡನೆ ಇಂಗ್ಲೆಂಡಿಗಿದ್ದ ಸಂಬಂಧಕ್ಕೆ ಪೆಟ್ಟು ಕೊಡಬೇಕೆಂಬುದೂ 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದುದರ ಉದ್ದೇಶಗಳಲ್ಲಿ ಒಂದಾಗಿತ್ತು. ಅಲ್ಲಿಂದ ಅವನು ಟಿಪ್ಪುವಿಗೆ ಬರೆದ ಪತ್ರ ಇಂಗ್ಲಿಷರ ಕೈಗೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಹುಲಿ ಗೆದ್ದವರ ಪಾಲಾಯಿತು. ಅದೇ ವರ್ಷದ ಜುಲೈನಲ್ಲಿ ಫ್ರೆಂಚ್ ಸೈನಿಕರಿಗೆ ಕೋಟೆಯ ದುರಸ್ತಿಯ ವೇಳೆ ರೊಸೆಟ್ಟಾ ಶಿಲೆ ದೊರೆಯಿತು. 1801ರಲ್ಲಿ ಅವರು ಸೋತಾಗ ಅದೂ ಇಂಗ್ಲಿಷರ ವಶವಾಯಿತು.

ಇಂತಹ ವಸ್ತುಗಳು ಯಾರವು? ಕಳೆದುಕೊಂಡ ದೇಶಗಳು ಅವನ್ನು ಮರಳಿ ಕೇಳುತ್ತಿವೆ. ಪಾರ್ಥೆನಾನ್ ಶಿಲ್ಪಗಳಿಗಾಗಿ ಗ್ರೀಸ್ ಬಹುಕಾಲದಿಂದ ಒತ್ತಾಯಿಸುತ್ತಿದೆ. ಲೋಕದ ಜನರೆಲ್ಲ ಒಂದೆಡೆ ನೋಡಲು ಇದರಿಂದ ಅನುಕೂಲವೆಂದು ಇನ್ನೊಂದು ಪಕ್ಷ ವಾದಿಸುತ್ತದೆ. ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹವನ್ನು ಬಿಟ್ಟುಕೊಡುವುದಕ್ಕೆ 1963ರ ಕಾಯಿದೆಯೂ ಅಡ್ಡಿಯಾಗಿದೆ. ಆದರೆ ಅಲ್ಲಿಗೆ ಹೋಗಿ ನೋಡಬಲ್ಲವರು ಎಷ್ಟು ಮಂದಿ? ಶ್ರೀರಂಗಪಟ್ಟಣದ ಮಗುವಿಗೆ ತನ್ನೂರಿನ ಹುಲಿಯನ್ನು ನೋಡುವ ಭಾಗ್ಯವೆಲ್ಲಿ?

ಹೀಗೆ ಕೇಳುವಾಗಲೇ ನನಗೆ ನಾಚಿಕೆಯೂ ಆಯಿತು. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದ ಪಾಠವನ್ನು ನಾನು ವರ್ಷವರ್ಷವೂ ಮಕ್ಕಳಿಗೆ ಹೇಳಿದ್ದೆ. ಆ ಕಲ್ಲನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ದೂರ ಹೋದ ವಸ್ತುವಿಗಾಗಿ ಮರುಗುವವನು ಹತ್ತಿರವಿರುವುದನ್ನು ಕಣ್ಣೆತ್ತಿ ನೋಡಬೇಡವೆ? ಊರಿಗೆ ಮರಳಿದ ವಾರವೇ ಹೋಗಿ ಅದರ ಮುಂದೆ ನಿಂತೆನು.