ಪಿಲ್ಲರ್ ಮೂಲೆಗೆ ಹಳದಿ ಪಟ್ಟಿಯ ಕಾವಲು

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಇಳಿದರೆ ಪಿಲ್ಲರುಗಳೇ ಸಾಕ್ಷಿ ಹೇಳುತ್ತವೆ. ಮೊಣಕಾಲಿನಿಂದ ಸೊಂಟದ ಎತ್ತರದವರೆಗೆ ಮೂಲೆಯ ಗಾರೆ ಕಿತ್ತು ಬಂದಿರುತ್ತದೆ. ಕಿತ್ತ ಜಾಗದ ಸುತ್ತ ಬಿಳಿ, ಕೆಂಪು, ಬೂದು ಗೀರುಗಳು. ಕಂಬಕ್ಕೆ ಯಾರೂ ಬಳಿಯದ ಬಣ್ಣಗಳು ಅವು. ಒಂದೊಂದೂ ಒಬ್ಬೊಬ್ಬ ನಿವಾಸಿಯ ಟಿಂಕರಿಂಗ್ ಬಿಲ್ಲಿನ ನೆನಪು.

ಕಾರು ಕಂಬಕ್ಕೆ ತಾಗುವುದಕ್ಕೆ ಚಾಲಕನ ಅಜಾಗರೂಕತೆಯೊಂದೇ ಕಾರಣವಲ್ಲ, ವಾಹನದ ಜ್ಯಾಮಿತಿಯ ಪಾಲೂ ಇದೆ. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲೇ ಬರುವುದಿಲ್ಲ, ಒಳಗಡೆಗೆ ಸರಿದು ಬರುತ್ತವೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಈ ಅಂತರ ಸಾಧಾರಣ ಕಾರಿನಲ್ಲೂ ಮುಕ್ಕಾಲು ಮೀಟರ್ ದಾಟಬಹುದು. ಮೂತಿ ಕಂಬ ದಾಟಿತು, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬಾಗಿಲು ಕರಕರ ಎನ್ನುತ್ತದೆ. ರಿವರ್ಸ್ ತೆಗೆಯುವಾಗ ತಾಪತ್ರಯ ಉಲ್ಟಾ: ‘ಬರ್ಲಿ ಬರ್ಲಿ’ ಎನ್ನುತ್ತ ವಾಚ್‌ಮನ್ ಹಿಂದುಗಡೆ ನೋಡುತ್ತಿರುತ್ತಾನೆ, ಅತ್ತ ಮುಂಭಾಗ ಹೊರಕ್ಕೆ ತಿರುಗಿ ಪಕ್ಕದ ಪಿಲ್ಲರಿಗೆ ಉಜ್ಜುತ್ತದೆ.

ಇದಕ್ಕೆಂದೇ ಬಂದಿರುವುದು ರಬ್ಬರ್ ಕಾರ್ನರ್ ಗಾರ್ಡ್. ಸುಮಾರು 80 ಸೆಂಟಿಮೀಟರ್‌ನಿಂದ ಒಂದು ಮೀಟರ್ ಉದ್ದ, ಎರಡೂ ಬದಿಗೆ ಅಂಗೈ ಅಗಲ, ಸೆಂಟಿಮೀಟರಿನ ಆಸುಪಾಸು ದಪ್ಪ. ಕಪ್ಪು ಮೈಮೇಲೆ ಹಳದಿ ಪಟ್ಟಿಗಳು. ಮಾಲ್, ಆಸ್ಪತ್ರೆ, ಗೋದಾಮು, ಎಲ್ಲಿ ಹೋದರೂ ಇದೇ ವೇಷ.

ಇಷ್ಟು ತೆಳ್ಳಗಿನ ರಬ್ಬರು ಎಷ್ಟು ಹೊಡೆತ ತಡೆದೀತು? ಒಂದು ಟನ್ ತೂಕದ ಕಾರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ, ಅಂದರೆ ನಡಿಗೆಯ ವೇಗದಲ್ಲಿ, ಬಂದು ತಾಗಿತೆನ್ನಿ. ಒಂದು ಕ್ವಿಂಟಲ್ ಅಕ್ಕಿ ಮೂಟೆಯನ್ನು ಒಂದು ಮೀಟರ್ ಎತ್ತರದಿಂದ ಕೆಡವಿದಷ್ಟು ಶಕ್ತಿ ಅದರಲ್ಲಿರುತ್ತದೆ. ವೇಗ 10 ಕಿಲೋಮೀಟರ್ ಆದರೆ ಶಕ್ತಿ ನಾಲ್ಕು ಪಟ್ಟು. ಬೆರಳ ದಪ್ಪದ ರಬ್ಬರು ಅದನ್ನೆಲ್ಲ ನುಂಗಲಾರದು. ಬಂಪರ್ ಮುರಿಯುವ ಹೊಡೆತಕ್ಕೆ ಮುರಿದೇ ಮುರಿಯುತ್ತದೆ. ರಬ್ಬರಿನಿಂದ ಆಗುವ ಉಪಕಾರ ಬೇರೆಯದು. ಕಾಂಕ್ರೀಟಿನ ಚೂಪು ಅಂಚು ಇಡೀ ಒತ್ತಡವನ್ನು ಒಂದೇ ಗೆರೆಯ ಮೇಲೆ ಹಾಕಿ ತಗಡನ್ನು ಸೀಳುತ್ತದೆ. ರಬ್ಬರು ಅಲ್ಲಿ ಅದುಮಿಕೊಂಡು ಒತ್ತಡವನ್ನು ಅಗಲಕ್ಕೆ ಹಂಚುತ್ತದೆ. ಬಾಗಿಲು ತೆರೆಯುವಾಗ ಅಂಚು ತಾಗಿದರೆ, ನಿಧಾನವಾಗಿ ಉಜ್ಜಿಕೊಂಡು ಹೋದರೆ, ಬಣ್ಣವೂ ಉಳಿಯುತ್ತದೆ, ಗಾರೆಯೂ ಉಳಿಯುತ್ತದೆ. ಬಿಳಿ ಕಾರಿನ ಮೇಲೆ ಕಪ್ಪು ಗೀರು ಉಳಿದೀತು. ಅದು ಸಾಮಾನ್ಯವಾಗಿ ಪಾಲಿಶ್‌ಗೆ ಹೋಗುವಂಥದ್ದು.

ನಿಜ ಹೇಳಬೇಕೆಂದರೆ ರಬ್ಬರಿಗಿಂತ ಹೆಚ್ಚು ಕೆಲಸ ಮಾಡುವುದು ಅದರ ಮೇಲಿನ ಹಳದಿ ಪಟ್ಟಿ. ಮಬ್ಬು ಬೆಳಕಿನಲ್ಲಿ ಬೂದು ನೆಲ, ಬೂದು ಗೋಡೆ, ಬೂದು ಕಂಬ ಎಲ್ಲ ಒಂದೇ ಆಗಿರುವಾಗ ಕಪ್ಪು-ಹಳದಿಯ ಜೋಡಿ ಎದ್ದು ಕಾಣುತ್ತದೆ. ಒಳ್ಳೆಯ ಪಟ್ಟಿಗಳು ರಸ್ತೆ ಫಲಕಗಳಂತೆ ಹೆಡ್‌ಲೈಟಿನ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತವೆ, ಅಂದರೆ ಚಾಲಕನ ಕಣ್ಣಿನ ಕಡೆಗೆ. ಡಿಕ್ಕಿಯನ್ನು ತಾಳಿಕೊಳ್ಳುವುದಕ್ಕಿಂತ ತಪ್ಪಿಸುವುದು ಅಗ್ಗ. ಆದರೆ ಬೇಸ್‌ಮೆಂಟಿನ ಧೂಳು ಕೂತರೆ ಆ ಹೊಳಪು ಮಾಯ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಅಸೋಸಿಯೇಷನ್‌ಗಳು ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ಮಾತ್ರ ಮರೆತಿರುತ್ತವೆ.

ಕೂರಿಸುವ ಕೆಲಸದಲ್ಲೂ ಸೂಕ್ಷ್ಮವಿದೆ. ಬಹಳಷ್ಟು ಕಾರುಗಳ ಬಂಪರು ನೆಲದಿಂದ 40–60 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಬಾಗಿಲಿನ ಉಬ್ಬು ಅದಕ್ಕಿಂತ ಮೇಲೆ. ಆದ್ದರಿಂದ ಗಾರ್ಡನ್ನು ನೆಲಕ್ಕೆ ತಾಗಿಸದೆ ಒಂದು ಗೇಣಿನಷ್ಟು ಬಿಟ್ಟು ಕೂರಿಸಿದರೆ ಬೇಕಾದ ಎತ್ತರವೂ ಸಿಗುತ್ತದೆ, ನೆಲ ತೊಳೆದ ನೀರೂ ಹಿಂದೆ ನಿಲ್ಲುವುದಿಲ್ಲ. ಇನ್ನು ಡ್ರಿಲ್ಲಿಂಗ್. ಪಿಲ್ಲರಿನ ಮುಖ್ಯ ಕಂಬಿಗಳು ನಿಂತಿರುವುದೇ ಮೂಲೆಗಳಲ್ಲಿ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯವಾಗಿ ಆ ಕಂಬಿಯ ಮೇಲೆ ಇರಬೇಕಾದ ಕಾಂಕ್ರೀಟ್ ಹೊದಿಕೆ ಕನಿಷ್ಠ 40 ಮಿಲಿಮೀಟರ್. ಅಂಚಿಗೆ ತೀರಾ ಹತ್ತಿರ ತೂತು ಕೊರೆದರೆ ಮೂಲೆಯೇ ಸಿಡಿದು ಬರುತ್ತದೆ. ಆಳಕ್ಕೆ ಹೋದರೆ ಬಿಟ್ ಕಂಬಿಗೆ ತಾಗಿ ನಿಲ್ಲುತ್ತದೆ. ಅನುಭವಸ್ಥ ಕೆಲಸಗಾರ ಅಲ್ಲಿಗೇ ಕೈಬಿಟ್ಟು ಬೇರೆ ಕಡೆ ತೂತು ಹಾಕಿ, ಹಳೆಯದಕ್ಕೆ ಸಿಮೆಂಟ್ ತುಂಬುತ್ತಾನೆ. ಅವಸರದವನು ಕಂಬಿಯನ್ನೇ ಕೊರೆಯಲು ನೋಡುತ್ತಾನೆ. ಬಂಪರು ಉಳಿಸಲು ಹೋಗಿ ಕಟ್ಟಡದ ಕಂಬಿಗೆ ಗಾಯ ಮಾಡುವುದು ಯಾವ ಲೆಕ್ಕ?

ಮೂಲೆಗೆ ಕಾವಲು ಹಾಕುವುದು ಕಾರಿನ ಕಾಲದ ಉಪಾಯವೇನಲ್ಲ. ಪ್ಯಾರಿಸಿನ ಹಳೆಯ ಮನೆಗಳ ಹೆಬ್ಬಾಗಿಲಿನ ಎರಡೂ ಬುಡದಲ್ಲಿ ಗಿಡ್ಡ ಕಲ್ಲುಗಳನ್ನು ಇಂದಿಗೂ ಕಾಣಬಹುದು. ಸಾರೋಟಿನ ಚಕ್ರವನ್ನು ಆಚೆಗೆ ತಳ್ಳಿ, ಅಚ್ಚಿನ ತುದಿ ಗೋಡೆಗೆ ಬಡಿಯದಂತೆ ನೋಡಿಕೊಂಡವು ಅವು. ಕಲ್ಲಿನ ಜಾಗಕ್ಕೆ ರಬ್ಬರು ಬರಬೇಕಾದರೆ ಮೊದಲು ರಬ್ಬರು ಪಳಗಬೇಕಿತ್ತು. ಕಚ್ಚಾ ರಬ್ಬರು ಬಿಸಿಲಿಗೆ ಅಂಟುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಆ ದೋಷ ನೀಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಟಯರಿನಂತೆ ಗಾರ್ಡಿಗೂ ಕಪ್ಪು ಬಣ್ಣ ಕೊಡುವುದು ಕಾರ್ಬನ್ ಬ್ಲ್ಯಾಕ್. ಸವೆತವನ್ನೂ ಬಿಸಿಲನ್ನೂ ತಾಳುವ ಗುಣ ಅದರಿಂದ. ಹಳೇ ಟಯರನ್ನು ಪುಡಿ ಮಾಡಿ ಅಚ್ಚು ಹೊಯ್ದ ಗಾರ್ಡುಗಳೂ ಇವೆ. ಮಲ್ಪೆ ಬಂದರಿನ ಬೋಟುಗಳು ಆ ಖರ್ಚೂ ಇಲ್ಲದೆ ಇಡೀ ಟಯರನ್ನೇ ಪಕ್ಕಕ್ಕೆ ನೇತುಹಾಕಿಕೊಳ್ಳುತ್ತವೆ.

ರಬ್ಬರು ಎಲ್ಲ ಕಡೆಗೂ ಸಲ್ಲುವುದಿಲ್ಲ. ಹೊತ್ತಿಕೊಂಡರೆ ದಟ್ಟ ಕರಿಹೊಗೆ ಕಾರುವ ವಸ್ತುವದು. ಆಸ್ಪತ್ರೆ ಕಾರಿಡಾರುಗಳಲ್ಲಿ ಸ್ಟ್ರೆಚರ್ ತಾಗುವ ಮೂಲೆಗಳಿಗೆ ಸ್ಟೀಲ್ ತಗಡು ಹೊದಿಸಿರುವುದನ್ನು ಕಾಣುತ್ತೇವೆ. ತೊಳೆಯಲೂ ಅದೇ ಸಲೀಸು.

ಮನೆಯೊಳಗಿನ ಕಥೆ ಬೇರೆ. ಅಲ್ಲಿ ಕಾಪಾಡಬೇಕಾದದ್ದು ಹೊಸದಾಗಿ ಹೆಜ್ಜೆ ಇಡುವ ಮಗುವಿನ ಹಣೆಯನ್ನು. ಟೀಪಾಯಿ, ಮಂಚ, ಟಿವಿ ಸ್ಟ್ಯಾಂಡ್ ಎಲ್ಲದರ ಮೂಲೆಯೂ ಸರಿಯಾಗಿ ಅದೇ ಎತ್ತರಕ್ಕೆ ಬರುತ್ತದೆ. ಇದಕ್ಕೆ ಗಟ್ಟಿ ರಬ್ಬರು ಬೇಡ, ಮೆತ್ತನೆಯ ಫೋಮ್ ಗಾರ್ಡು ಬೇಕು. ಅದರ ಕೊರತೆ ಅಂಟಿನಲ್ಲಿದೆ. ಹಲ್ಲು ಬರುವ ಮಗುವಿಗೆ ಅದನ್ನು ಕಿತ್ತು ಅಗಿಯುವುದೇ ಆಟ, ತುಂಡು ಗಂಟಲಿಗೆ ಸಿಕ್ಕಿಕೊಳ್ಳುವ ಭಯ ದೊಡ್ಡವರಿಗೆ. ಅಂಟಿಸುವ ಮುನ್ನ ಮೇಲ್ಮೈಯ ಎಣ್ಣೆ, ಧೂಳು ಒರೆಸಿ ಒಣಗಿಸಬೇಕು. ಆಮೇಲೂ ದಿನಕ್ಕೊಮ್ಮೆ ಎಳೆದು ನೋಡಬೇಕು, ಸಡಿಲವಾಗಿದ್ದರೆ ತೆಗೆದುಬಿಡಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆಗಾದರೆ ಯಾವ ಗಾರ್ಡೂ ಬೇಡ. ಕಲ್ಲು ಕೂರಿಸುವವನಿಗೆ ಮೊದಲೇ ಹೇಳಿದರೆ ಮೂಲೆಯನ್ನು ಉಜ್ಜಿ ದುಂಡಗೆ ಮಾಡಿಕೊಡುತ್ತಾನೆ.